ರಾಕ್ ಅಂಡ್ ರೋಲ್ ಇತಿಹಾಸದಲ್ಲಿ ನಿಮ್ಮ ಮನಸ್ಸಲ್ಲಿ ಉಳಿದ ಕ್ಷಣ ಯಾವುದು? ನನ್ನದು ಮಳೆಯಲ್ಲಿ ನೆನೆದ ಒಂದು ರೈಲು ನಿಲ್ದಾಣ

ಬಸವನಗುಡಿ ಗಿಟಾರ್

ಹದಿಮೂರು ವರ್ಷದ ಮಗಳು ಗಿಟಾರ್ ಕಲಿಯುತ್ತಿದ್ದಾಳೆ. ಹೋದ ವಾರ ಊಟಕ್ಕೆ ಕೂತಾಗ ಕೇಳಿದಳು, "ಅಪ್ಪಾ, ರಾಕ್ ಅಂಡ್ ರೋಲ್ ಶುರು ಮಾಡಿದ್ದು ಯಾರು?" ಗಾಯಕ ಎಲ್ವಿಸ್ ಪ್ರೆಸ್ಲಿ ಅನ್ನೋಕೆ ಬಾಯಿ ತೆರೆದವನು ತಡೆದೆ. ಕೈ ತೊಳೆದು ಬಂದು ಅವಳಿಗೆ ಒಂದು ಹಳೇ ವಿಡಿಯೊ ಹಾಕಿ ತೋರಿಸಿದೆ.

1964ರ ಮೇ 7. ಇಂಗ್ಲೆಂಡಿನ ಮ್ಯಾಂಚೆಸ್ಟರ್. ವಿಲ್‌ಬ್ರಹಾಮ್ ರೋಡ್ ಅಂತ ಒಂದು ರೈಲು ನಿಲ್ದಾಣ. ಪ್ರಯಾಣಿಕರ ರೈಲು ಅಲ್ಲಿ ನಿಲ್ಲೋದು 1958ಕ್ಕೇ ಮುಗಿದಿತ್ತು. ಗ್ರನಾಡಾ ಟಿವಿಯವರು ಆ ಪಾಳು ಸ್ಟೇಷನ್ನಿಗೆ ಮೂಟೆ, ಪೆಟ್ಟಿಗೆ ಎಲ್ಲ ತಂದಿಟ್ಟು ಅಮೆರಿಕದ ದಕ್ಷಿಣದ ಹಳ್ಳಿ ಸ್ಟೇಷನ್ ಥರ ಮಾಡಿದ್ದರು. ಒಂದು ಪ್ಲಾಟ್‌ಫಾರ್ಮ್ ಮೇಲೆ ಸಂಗೀತಗಾರರು. ಎದುರಿನ ಪ್ಲಾಟ್‌ಫಾರ್ಮ್ ಮೇಲೆ ಕೇಳುಗರು. ನಡುವೆ ರೈಲು ಹಳಿ.

ಮಳೆ ಹೊಡೆದಿತ್ತು. ಅಮೆರಿಕದ ಗಾಯಕಿ ಸಿಸ್ಟರ್ ರೊಸೆಟಾ ಥಾರ್ಪ್ ಕುದುರೆ ಗಾಡಿಯಲ್ಲಿ ಬಂದಿಳಿದರು. ವಯಸ್ಸು 49. ಮೈಮೇಲೆ ದಪ್ಪ ಕೋಟು. ಒದ್ದೆ ನೆಲದ ಮೇಲೆ ಹೀಲ್ಸ್ ಹಾಕಿಕೊಂಡು ನಡೆದು ಬಂದು, ಬಿಳಿ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೆ ಹಾಕಿಕೊಂಡರು. ಮೊದಲು ಹಾಡಿದ್ದು "ಡಿಡಂಟ್ ಇಟ್ ರೇನ್". ಬೈಬಲಿನ ನೋಹನ ಪ್ರಳಯದ ಮಳೆಯ ಹಾಡು ಅದು. ಚರ್ಚಿನಲ್ಲಿ ಹಾಡೋ ಹಾಡು. ನಡುವೆ ಅವರ ಗಿಟಾರ್ ಸೋಲೊ ಬರುತ್ತದೆ ನೋಡಿ, ಅಲ್ಲಿ ನನ್ನ ಮಗಳು ಮುಂದೆ ಬಗ್ಗಿ ಕೂತಳು. "ಇವರ ಬಲಗೈ ನೋಡಪ್ಪಾ" ಅಂದಳು.

ರೊಸೆಟಾ ಹುಟ್ಟಿದ್ದು 1915ರಲ್ಲಿ, ಆರ್ಕನ್ಸಾದ ಕಾಟನ್ ಪ್ಲಾಂಟ್ ಅನ್ನೋ ಊರಲ್ಲಿ. ಅಮ್ಮ ಚರ್ಚಿನಲ್ಲಿ ಬೋಧನೆ ಮಾಡುತ್ತಿದ್ದರು. ಮಗಳು ಚಿಕ್ಕಂದಿನಿಂದಲೇ ಅಮ್ಮನ ಜೊತೆ ಊರೂರು ತಿರುಗಿ ಗಿಟಾರ್ ಹಿಡಿದು ಹಾಡಿದವರು. "ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ" ಅಂತ ಅವರು ರೆಕಾರ್ಡ್ ಮಾಡಿದ್ದು 1944ರಲ್ಲಿ. ಎಲ್ವಿಸ್‌ನ ಮೊದಲ ಹಿಟ್‌ಗಿಂತ ಹತ್ತು ವರ್ಷ ಹಿಂದೆ! ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿದ್ದು 2018ರಲ್ಲಿ. ಅವರು ತೀರಿಕೊಂಡು 45 ವರ್ಷ ಆದಮೇಲೆ.

ನನಗೆ ಅನ್ನಿಸೋದು ಇಷ್ಟು. ಮನಸ್ಸಲ್ಲಿ ಉಳಿಯೋ ಕ್ಷಣಗಳನ್ನು ಯಾರೂ ಮೊದಲೇ ಕೂತು ಯೋಚನೆ ಮಾಡಿರೋದಿಲ್ಲ. ಟಿವಿಯವರು ಎಲ್ಲ ಸಿದ್ಧ ಮಾಡಿದ್ದರು, ಆದರೆ ಮಳೆಯನ್ನು ಅವರು ಕರೆದಿರಲಿಲ್ಲ. ನಿಮ್ಮ ಕ್ಷಣ ಯಾವುದು? ಬರೀರಿ, ಮಗಳಿಗೆ ಒಂದೊಂದೇ ತೋರಿಸ್ತೀನಿ.

ಮೈಕ್‌ಸೆಟ್ ಹಾಸನ

ಸರ್, ನಂದು ಮೈಕ್‌ಸೆಟ್ ಅಂಗಡಿ. ಮದುವೆ, ಗಣಪತಿ, ಊರ ಹಬ್ಬ ಅಂತ ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಹಾಗಾಗಿ ನನ್ನ ಕ್ಷಣ ಒಂದು ಕೆಟ್ಟ ಆಂಪ್ಲಿಫೈಯರ್.

1951ರ ಮಾರ್ಚ್. ಸಂಗೀತಗಾರ ಐಕ್ ಟರ್ನರ್ ಮತ್ತು ಅವನ ಬ್ಯಾಂಡಿನ ಹುಡುಗರು ಮಿಸಿಸಿಪಿಯಿಂದ ಮೆಂಫಿಸ್‌ಗೆ ಕಾರಲ್ಲಿ ಹೊರಟಿದ್ದರು. ಸ್ಯಾಮ್ ಫಿಲಿಪ್ಸ್ ಅವರ ಸ್ಟುಡಿಯೊದಲ್ಲಿ ರೆಕಾರ್ಡಿಂಗ್. ದಾರಿಯಲ್ಲಿ ಗಿಟಾರ್ ಆಂಪ್ಲಿಫೈಯರ್‌ಗೆ ಪೆಟ್ಟಾಯಿತು. ಸ್ಪೀಕರ್ ಕೋನ್ ಹಾಳಾಗಿತ್ತು. ಬೇರೆ ತರಿಸೋಕೆ ಸಮಯ ಇರಲಿಲ್ಲ. ಫಿಲಿಪ್ಸ್ ಅದರೊಳಗೆ ಕಾಗದ ತುರುಕಿ, ನುಡಿಸಿ ಅಂದರು. ಗಿಟಾರ್ ಹಿಡಿದಿದ್ದವನು ವಿಲ್ಲಿ ಕಿಝಾರ್ಟ್. ಹಾಡು "ರಾಕೆಟ್ 88". ರೆಕಾರ್ಡಿನ ಮೇಲೆ ಹೆಸರು ಬಂದಿದ್ದು ಹಾಡಿದ ಜಾಕಿ ಬ್ರೆನ್‌ಸ್ಟನ್‌ದು.

ಇದು ಯಾಕೆ ದೊಡ್ಡದು ಅಂತ ಹೇಳ್ತೀನಿ. ಕೋನ್ ಅನ್ನೋದು ಕಾಗದದ್ದೇ. ಅದು ಹಿಂದೆ ಮುಂದೆ ಅಲುಗಿ ಗಾಳಿ ತಳ್ಳಿದರೆ ಶಬ್ದ. ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅಂಚು ಅದುರುತ್ತದೆ. ಒಂದು ಸ್ವರದ ಜೊತೆ ಇನ್ನಷ್ಟು ಸ್ವರ ಹುಟ್ಟಿಕೊಂಡು ಬರ್ರ್ ಅನ್ನುತ್ತದೆ. ನಾವು ಅದನ್ನ ಒಡೆದ ಸದ್ದು ಅಂತೀವಿ. ಅಂಥ ಸ್ಪೀಕರ್ ಬಂದರೆ ಬಿಚ್ಚಿ ಹೊಸ ಕೋನ್ ಹಾಕಿ ಕಳಿಸ್ತೀನಿ. ಫಿಲಿಪ್ಸ್ ಅದನ್ನೇ ಕೇಳಿ, ಚೆನ್ನಾಗಿದೆ, ಇರಲಿ ಅಂದರು. ಆ ಹಾಡು ಶುರುವಾದಾಗ ಕೆಳಗಡೆ ಗುರುಗುಟ್ಟೋ ಗಿಟಾರ್ ಕೇಳಿಸ್ಕೊಳ್ಳಿ, ಸ್ಯಾಕ್ಸೊಫೋನಿನ ಥರಾನೇ ಇದೆ. ಇವತ್ತು ಹುಡುಗರು ಆ ಸದ್ದಿಗೋಸ್ಕರ ಸಾವಿರಾರು ರೂಪಾಯಿ ಕೊಟ್ಟು ಕಾಲಲ್ಲಿ ಒತ್ತೋ ಪೆಡಲ್ ತಗೊಳ್ತಾರೆ.

ಕ್ಯಾಸೆಟ್ ಕಾಲ

ಎಲ್ವಿಸ್ ಹೆಸರನ್ನು ನುಂಗಿಬಿಟ್ಟಿರಲ್ಲ ಸರ್! ಅವನ ಪರವಾಗಿ ನಾನು ಮಾತಾಡ್ತೀನಿ.

ಅದೇ ಸ್ಟುಡಿಯೊ, ಮೆಂಫಿಸ್‌ನ ಯೂನಿಯನ್ ಅವೆನ್ಯೂ 706. 1954ರ ಜುಲೈ 5. ಎಲ್ವಿಸ್‌ಗೆ 19 ವರ್ಷ. ಲಾರಿ ಓಡಿಸುತ್ತಿದ್ದ ಹುಡುಗ. ಸ್ಕಾಟಿ ಮೂರ್ ಗಿಟಾರ್, ಬಿಲ್ ಬ್ಲ್ಯಾಕ್ ಬಾಸ್. ಡ್ರಮ್ಸ್ ಇಲ್ಲವೇ ಇಲ್ಲ. ಸಂಜೆಯಿಂದ ನಿಧಾನದ ಹಾಡುಗಳನ್ನು ಹಾಡಿಸಿ ನೋಡಿದರು, ಯಾವುದೂ ಕೈ ಹತ್ತಲಿಲ್ಲ. ಸುಸ್ತಾಗಿ ಸ್ವಲ್ಪ ಹೊತ್ತು ಬಿಟ್ಟಾಗ ಎಲ್ವಿಸ್ ಸುಮ್ನೆ ಕುಣಿಯುತ್ತಾ "ದಟ್ಸ್ ಆಲ್ ರೈಟ್" ಹಾಡೋಕೆ ಶುರು ಮಾಡಿದ. ಬಿಲ್ ಬಾಸ್ ಎತ್ತಿಕೊಂಡ. ಸ್ಕಾಟಿಯೂ ಸೇರಿಕೊಂಡ. ಒಳಗಿದ್ದ ಸ್ಯಾಮ್ ಫಿಲಿಪ್ಸ್ ತಲೆ ಹೊರಗೆ ಹಾಕಿ, ಏನು ಮಾಡ್ತಿದ್ದೀರಿ ಅಂತ ಕೇಳಿದರು. ಇವರಿಗೇ ಗೊತ್ತಿಲ್ಲ. ಸರಿ, ಮೊದಲಿಂದ ನುಡಿಸಿ ಅಂದರು.

ಅದಾಗಿ ಕೆಲವೇ ದಿನಕ್ಕೆ ಮೆಂಫಿಸ್ ರೇಡಿಯೊದಲ್ಲಿ ನಿರೂಪಕ ಡ್ಯೂಯಿ ಫಿಲಿಪ್ಸ್ ಆ ಹಾಡು ಹಾಕಿದ. ಕೇಳಿದವರೆಲ್ಲ ಮತ್ತೆ ಹಾಕಿ ಅಂತ ಫೋನ್ ಮಾಡಿದರು. ಎಲ್ವಿಸ್ ಎಲ್ಲಿದ್ದ ಗೊತ್ತಾ? ಹೆದರಿಕೊಂಡು ಸಿನಿಮಾ ಥಿಯೇಟರ್ ಸೇರಿಕೊಂಡಿದ್ದ. ಅಪ್ಪ ಅಮ್ಮ ಹುಡುಕಿ ಕರೆತಂದರು. ಡ್ಯೂಯಿ ಅವನಿಗೆ ಕೇಳಿದ ಒಂದು ಪ್ರಶ್ನೆ, ಯಾವ ಹೈಸ್ಕೂಲಲ್ಲಿ ಓದಿದ್ದು ಅಂತ. ಹ್ಯೂಮ್ಸ್ ಅಂದ. ಕಪ್ಪು ಮಕ್ಕಳಿಗೆ, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಇದ್ದ ಕಾಲ. ಹಾಡಿದವನು ಬಿಳಿ ಹುಡುಗ ಅಂತ ಊರಿಗೆ ಗೊತ್ತಾಗಿದ್ದು ಆ ಶಾಲೆಯ ಹೆಸರಿಂದ.

ಮಲೆನಾಡ ಮಳೆ

ಕ್ಯಾಸೆಟ್ ಕಾಲ ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ ಆ ಹಾಡಿನ ಯಜಮಾನನ ಹೆಸರು ಬಿಟ್ಟುಹೋಯ್ತಲ್ವಾ? ಆರ್ಥರ್ ಕ್ರಡಪ್. 1946ರಲ್ಲೇ ಹಾಡಿದ್ದರು. ಅವರಿಗೆ ಬರಬೇಕಾದ ರಾಯಲ್ಟಿ ಅವರು ಬದುಕಿರೋವರೆಗೂ ಸರಿಯಾಗಿ ಕೈಗೆ ಬರಲಿಲ್ಲ. 1974ರಲ್ಲಿ ತೀರಿಕೊಂಡರು. ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್ ಕಥೆಯೂ ಅದೇ. "ಹೌಂಡ್ ಡಾಗ್" 1953ರಲ್ಲಿ ಅವರ ದನಿಯಲ್ಲಿ ಏಳು ವಾರ ರಿದಮ್ ಅಂಡ್ ಬ್ಲೂಸ್ ಹಿಟ್ ಹಾಡುಗಳ ಪಟ್ಟಿಯ ಮೊದಲ ಜಾಗದಲ್ಲಿತ್ತು. ಕೈಗೆ ಬಂದಿದ್ದು 500 ಡಾಲರಿನ ಒಂದೇ ಒಂದು ಚೆಕ್ ಅಂತ ಅವರೇ ಹೇಳಿದ್ದಾರೆ. ಕ್ಷಣಗಳ ಬಗ್ಗೆ ಮಾತಾಡುವಾಗ ಇದನ್ನೂ ಮಗಳಿಗೆ ಹೇಳಿ, ದಯವಿಟ್ಟು.

ನನ್ನ ಕ್ಷಣ ರೊಸೆಟಾ ಅವರಿಗೇ ಸೇರಿದ್ದು. 1947, ಜಾರ್ಜಿಯಾದ ಮೇಕನ್ ಊರು. ಅವರ ಕಾರ್ಯಕ್ರಮ ಇದ್ದ ಸಭಾಂಗಣದಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗ ಅವರ ಹಾಡು ಹಾಡಿಕೊಳ್ಳುತ್ತಿದ್ದ. ಅವರ ಕಿವಿಗೆ ಬಿತ್ತು. ವೇದಿಕೆಗೆ ಕರೆದು ಹಾಡಿಸಿದರು. ಕೈಗೆ ದುಡ್ಡೂ ಕೊಟ್ಟರು. ಆ ಹುಡುಗನೇ ಮುಂದೆ ರಾಕ್ ತಾರೆಯಾದ ಲಿಟಲ್ ರಿಚರ್ಡ್.

ಮುಂದೆ ಅವನು ಅದೇ ಊರಿನ ಬಸ್ ಸ್ಟ್ಯಾಂಡಿನಲ್ಲಿ ಪಾತ್ರೆ ತೊಳೆದ. 1955ರ ಸೆಪ್ಟೆಂಬರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ರೆಕಾರ್ಡಿಂಗ್‌ಗೆ ಕರೆದರು. ಹಾಡಿದ್ದೆಲ್ಲ ಸಪ್ಪೆ. ನಿರ್ಮಾಪಕ ಬಂಪ್ಸ್ ಬ್ಲ್ಯಾಕ್‌ವೆಲ್‌ಗೆ ಬೇಜಾರಾಗಿ ಎಲ್ಲರನ್ನೂ ಊಟಕ್ಕೆ ಡ್ಯೂ ಡ್ರಾಪ್ ಇನ್ ಅನ್ನೋ ಕ್ಲಬ್ಬಿಗೆ ಕರೆದುಕೊಂಡು ಹೋದ. ಅಲ್ಲಿ ಒಂದು ಪಿಯಾನೊ, ಎದುರಿಗೆ ಜನ. ರಿಚರ್ಡ್ ಪಿಯಾನೊ ಕುಟ್ಟಿ "ಟುಟಿ ಫ್ರುಟಿ" ಕೂಗಿದ. ಮಾತುಗಳು ರೇಡಿಯೊಗೆ ಹಾಕುವಂಥವಲ್ಲ. ಡೊರೊತಿ ಲಾಬಾಸ್ಟ್ರಿ ಅನ್ನೋ ಯುವತಿಯನ್ನು ಕರೆಸಿ ಹೊಸ ಮಾತು ಬರೆಸಿದರು. ಆ ಹೆಣ್ಣುಮಗಳ ಎದುರು ಹಳೇ ಮಾತು ಹಾಡೋಕೆ ನಾಚಿಕೆಯಾಗಿ ರಿಚರ್ಡ್ ಗೋಡೆ ಕಡೆ ತಿರುಗಿ ಹಾಡಿದನಂತೆ. ಸ್ಟುಡಿಯೊ ಸಮಯ ಮುಗಿಯೋಕೆ ಕಾಲು ಗಂಟೆ ಇರುವಾಗ ರೆಕಾರ್ಡ್ ಆಗಿದ್ದು ಅದು. ಅವತ್ತು ಊಟಕ್ಕೆ ಬೇರೆ ಕಡೆ ಹೋಗಿದ್ದರೆ?

ಕೋರಮಂಗಲ ಡ್ರಮ್ಸ್

ಎಲ್ಲ ಆಕಸ್ಮಿಕ ಅಂತ ಹೇಳೋದು ನನಗೆ ಸರಿ ಕಾಣಲ್ಲ. ನಾನು ಬ್ಯಾಂಡಲ್ಲಿ ನುಡಿಸ್ತೀನಿ. ಅಭ್ಯಾಸಕ್ಕೆ ಮರ್ಯಾದೆ ಬೇಡ್ವಾ?

1985ರ ಜುಲೈ 13, ಲಂಡನ್ನಿನ ವೆಂಬ್ಲಿ, ಲೈವ್ ಏಡ್. ಇಥಿಯೋಪಿಯದ ಬರಗಾಲಕ್ಕೆ ದುಡ್ಡು ಕೂಡಿಸೋಕೆ ನಡೆದ ಕಾರ್ಯಕ್ರಮ. ಒಳಗೆ 72,000 ಜನ. ಒಬ್ಬೊಬ್ಬರಿಗೂ ಇಪ್ಪತ್ತು ನಿಮಿಷದ ಆಸುಪಾಸು. ಕ್ವೀನ್ ಬ್ಯಾಂಡಿನವರು ಅದಕ್ಕೆ ಮುಂಚೆ ಲಂಡನ್ನಿನ ಶಾ ಥಿಯೇಟರಲ್ಲಿ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿದ್ದರು. ಯಾವ ಹಾಡು ಎಲ್ಲಿ ಕತ್ತರಿಸಬೇಕು, ಯಾವುದರಿಂದ ಯಾವುದಕ್ಕೆ ಜಾರಬೇಕು, ಎಲ್ಲ ಲೆಕ್ಕ. "ಬೊಹೀಮಿಯನ್ ರಾಪ್ಸೊಡಿ" ಅಷ್ಟು ದೊಡ್ಡ ಹಾಡು, ಅದರಲ್ಲಿ ಶುರುವಿನ ಭಾಗ ಮಾತ್ರ ಇಟ್ಟುಕೊಂಡರು. ಬೇರೆಯವರು ಸಿಕ್ಕ ಸಮಯದಲ್ಲಿ ಏನೋ ಹಾಡಿ ಹೋದರು. ಇವರು ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಊಟ ಪೂರ್ತಿ ಬಡಿಸಿದರು.

"ರೇಡಿಯೊ ಗಾಗಾ" ಹಾಡಲ್ಲಿ ಅಷ್ಟೂ ಜನ ಕೈ ಮೇಲೆತ್ತಿ ಒಂದೇ ಸಲ ಚಪ್ಪಾಳೆ ತಟ್ಟುತ್ತಾರೆ. ಹಗಲು ಬೆಳಕು, ದೀಪದ ಅಲಂಕಾರ ಇಲ್ಲ. ಆಮೇಲೆ ಕ್ವೀನ್ ಗಾಯಕ ಫ್ರೆಡ್ಡಿ ಮರ್ಕ್ಯುರಿ ಒಬ್ಬನೇ ನಿಂತು ಒಂದು ಆಲಾಪ ಬಿಟ್ಟರೆ ಜನ ತಿರುಗಿ ಹಾಡುತ್ತಾರೆ. ಗುರು ಹೇಳಿಕೊಟ್ಟ ಹಾಗೆ. ಅಂದಹಾಗೆ ಫ್ರೆಡ್ಡಿ ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ. ಮನೆಯಲ್ಲಿಟ್ಟ ಹೆಸರು ಫರ್ರೋಖ್ ಬುಲ್ಸಾರಾ. ಆ ಶಾಲೆಯಲ್ಲೇ ಅವನ ಮೊದಲ ಬ್ಯಾಂಡ್, ದಿ ಹೆಕ್ಟಿಕ್ಸ್.

ಬಸವನಗುಡಿ ಗಿಟಾರ್

ಡ್ರಮ್ಸ್ ಅವರೇ, ನಿಮ್ಮ ಮಾತು ಒಪ್ಪಿದೆ. ನಾನು ಬರೆದಿದ್ದು ಅರ್ಧವೇ ಸರಿ. ರೊಸೆಟಾ ಆರನೇ ವಯಸ್ಸಿನಿಂದಲೇ ನುಡಿಸಿಕೊಂಡು ಬಂದವರು. ಮಳೆ ಬಂದಾಗ ಕೈ ತಾನಾಗೇ ನಡೆಯಿತು ಅಂದರೆ ಹಿಂದೆ ನಲವತ್ತಕ್ಕೂ ಜಾಸ್ತಿ ವರ್ಷದ ಅಭ್ಯಾಸ ಇತ್ತು. ಮಗಳಿಗೆ ಇದನ್ನ ಹೇಳಿದೆ. ಅವಳು ಅಭ್ಯಾಸದ ವಿಷಯ ಬಂದ ತಕ್ಷಣ ಎದ್ದು ಹೋದಳು.

ವೀಣೆ ಮೈಸೂರು

ನಾನು ರಾಕ್ ಕೇಳಿ ಬೆಳೆದವಳಲ್ಲ. ವೀಣೆ ಕಲಿಸುತ್ತೇನೆ. ನನ್ನ ಮಗ ಕೇಳುತ್ತಿದ್ದ, ಅವನ ಜೊತೆ ಕೂತು ನೋಡಿದ್ದು.

1967ರ ಜೂನ್ 18, ಕ್ಯಾಲಿಫೋರ್ನಿಯಾದ ಮಾಂಟರೆ ಉತ್ಸವ. ಮಧ್ಯಾಹ್ನ ರವಿಶಂಕರ್ ಅವರ ಸಿತಾರ್, ಅಲ್ಲಾ ರಖಾ ಅವರ ತಬಲಾ. ಮೂರು ಗಂಟೆಯ ಕಛೇರಿ. ಕೇಳುತ್ತಾ ಕೂತ ಜನರಲ್ಲಿ ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕೂಡ ಕಾಣಿಸುತ್ತಾನೆ. ಅದೇ ರಾತ್ರಿ ಅದೇ ವೇದಿಕೆಯ ಮೇಲೆ ಅವನು ಗಿಟಾರಿಗೆ ಬೆಂಕಿ ಹಚ್ಚಿದ. ರವಿಶಂಕರ್ ಅವರಿಗೆ ತುಂಬಾ ನೋವಾಯಿತು. ನನಗೂ ಆಯಿತು. ನಾವು ಕಾಲು ತಾಗಿದರೆ ವೀಣೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು. ಸರಸ್ವತಿ ಪೂಜೆಗೆ ಕುಂಕುಮ ಇಟ್ಟು ಕೂರಿಸುವವರು. ಆ ದೃಶ್ಯ ನೋಡಿದಾಗ ಎದ್ದು ಒಳಗೆ ಹೋಗಿಬಿಟ್ಟೆ.

ನನ್ನ ಕ್ಷಣ ಬೇರೆ. 1971ರ ಆಗಸ್ಟ್ 1, ನ್ಯೂಯಾರ್ಕ್, ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಬೀಟಲ್ಸ್ ಬ್ಯಾಂಡಿನಲ್ಲಿದ್ದ ಜಾರ್ಜ್ ಹ್ಯಾರಿಸನ್ ನಡೆಸಿದ ಕಾರ್ಯಕ್ರಮ. ಮೊದಲು ರವಿಶಂಕರ್ ಮತ್ತು ಸರೋದ್ ವಾದಕ ಅಲಿ ಅಕ್ಬರ್ ಖಾನ್. ಕೂತು ಶ್ರುತಿ ಮಾಡಿಕೊಂಡರು. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಶ್ರುತಿ ಮಾಡೋದೇ ಇಷ್ಟು ಹಿಡಿಸಿದ್ದರೆ ನುಡಿಸೋದು ಇನ್ನೂ ಹಿಡಿಸುತ್ತದೆ ಅಂತ ನಂಬಿದ್ದೀನಿ ಅಂದರು ರವಿಶಂಕರ್, ಎಷ್ಟು ಮೃದುವಾಗಿ! ಇದನ್ನು ಹೇಳಿ ನಗುವವರು ಜಾಸ್ತಿ. ನನಗೆ ನಗು ಬರುವುದಿಲ್ಲ. ಬಿರಡೆ ತಿರುಗಿಸಿ ತಂತಿ ಸೇರಿದ ಆ ಗಳಿಗೆ ನಿಜವಾಗಿಯೂ ಚಪ್ಪಾಳೆಗೆ ಯೋಗ್ಯ. ಗೊತ್ತಿಲ್ಲದೆಯೇ ಸರಿಯಾದದ್ದಕ್ಕೆ ತಟ್ಟಿದರು ಅವರು.

ಆರು ತಂತಿ

ಮೇಡಂ, ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಹೆಂಡ್ರಿಕ್ಸ್ ಬಗ್ಗೆ ಇನ್ನೊಂದು ಬೆಳಗ್ಗೆ ತೋರಿಸಬೇಕು ಅನ್ನಿಸಿತು.

1969ರ ಆಗಸ್ಟ್ 18, ಸೋಮವಾರ. ನ್ಯೂಯಾರ್ಕ್ ರಾಜ್ಯದ ಬೆಥೆಲ್. ವುಡ್‌ಸ್ಟಾಕ್ ಸಂಗೀತ ಉತ್ಸವ ಭಾನುವಾರವೇ ಮುಗಿಯಬೇಕಿತ್ತು. ಮಳೆಗೆ ಎಲ್ಲ ಹಿಂದೆ ಬಿದ್ದು ಕೊನೆಯವನಾದ ಹೆಂಡ್ರಿಕ್ಸ್ ವೇದಿಕೆಗೆ ಬಂದಾಗ ಬೆಳಗಾಗಿತ್ತು. ಹೆಚ್ಚಿನವರು ಮನೆಗೆ ಹೊರಟಿದ್ದರು. ಕೆಸರು, ಹರಿದ ಕಂಬಳಿ, ನಿದ್ದೆಗೆಟ್ಟ ಮುಖಗಳು. ಅಲ್ಲಿ ಅವನು ಅಮೆರಿಕದ ರಾಷ್ಟ್ರಗೀತೆ ನುಡಿಸಿದ. ಗೀತೆಯಲ್ಲಿ ಬಾಂಬಿನ ಮಾತು ಬರುವ ಕಡೆ ಗಿಟಾರ್ ಬಾಂಬಿನ ಥರ ಬೀಳುತ್ತದೆ, ಚೀರುತ್ತದೆ. ಆಮೇಲೆ ಮತ್ತೆ ಸ್ವರಕ್ಕೆ ಬರುತ್ತದೆ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ. ಅವನು ತಾನೇ ಹಿಂದೆ ಸೇನೆಯಲ್ಲಿ ಪ್ಯಾರಾಶೂಟ್ ದಳದಲ್ಲಿದ್ದವನು. ಅವತ್ತು ಅವನ ಕೈಯಲ್ಲಿ ಗಿಟಾರ್ ಎಷ್ಟು ಮರ್ಯಾದೆಯಿಂದ ಕೂತಿತ್ತು ನೋಡಿ. ಒಂದು ಸಲ ಕಣ್ಣು ಮುಚ್ಚಿ ಕೇಳಿ ಮೇಡಂ.

ವೀಣೆ ಮೈಸೂರು

ಕೇಳಿದೆ. ಎರಡು ಸಲ. ಆ ಗಮಕಗಳಿಗೆ ಬೇರೆ ಹೆಸರು ಇರಬಹುದು, ಕೆಲಸ ಅದೇ. ಬೆಂಕಿಯ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿಲ್ಲ. ಆದರೆ ಈ ಬೆಳಗಿಗೆ ಕೈ ಮುಗಿದೆ.

ಕ್ಯಾಸೆಟ್ ಕಾಲ

ಒಂದು ದುಃಖದ್ದೂ ಇರಲಿ. 1959ರ ಫೆಬ್ರುವರಿ, ಅಯೋವಾದ ಕ್ಲಿಯರ್ ಲೇಕ್. ಗಾಯಕ ಬಡ್ಡಿ ಹಾಲಿಗೆ 22 ವರ್ಷ, ಜೊತೆಗೆ ಹಾಡುತ್ತಿದ್ದ ರಿಚಿ ವಾಲೆನ್ಸ್‌ಗೆ 17. ಊರೂರು ಹಾಡಿಕೊಂಡು ಹೋಗ್ತಿದ್ದ ಬಸ್ಸಿನ ಹೀಟರ್ ಕೆಟ್ಟು ಚಳಿಗೆ ಡ್ರಮ್ಮರ್‌ನ ಪಾದ ಮರಗಟ್ಟಿ ಆಸ್ಪತ್ರೆ ಸೇರಿದ್ದ. ಬೇಗ ಹೋಗಿ ಬಟ್ಟೆ ಒಗೆಸಿಕೊಂಡು ಸ್ವಲ್ಪ ನಿದ್ದೆ ಮಾಡೋಣ ಅಂತ ಹಾಲಿ ಚಿಕ್ಕ ವಿಮಾನ ಗೊತ್ತು ಮಾಡಿದ. ರಿಚಿ ನಾಣ್ಯ ಚಿಮ್ಮಿ ಗೆದ್ದು ಸೀಟು ಪಡೆದ. ಫೆಬ್ರುವರಿ 3ರ ಬೆಳಗಿನ ಜಾವ ವಿಮಾನ ಹೊಲದಲ್ಲಿ ಬಿತ್ತು. ಪೈಲಟ್ ಸೇರಿ ಯಾರೂ ಉಳಿಯಲಿಲ್ಲ. ಒಗೆದ ಬಟ್ಟೆ, ಒಳ್ಳೇ ನಿದ್ದೆ, ಅಷ್ಟೇ ಬೇಕಿತ್ತು ಆ ಹುಡುಗರಿಗೆ.

ಧಾರವಾಡ ಮಂದಿ

ನನ್ನ ಕ್ಷಣ ಭೂಮಿಯ ಮೇಲಿಲ್ಲ.

1977ರಲ್ಲಿ ನಾಸಾ ಎರಡು ವಾಯೇಜರ್ ನೌಕೆ ಹಾರಿಸಿತು. ಒಂದೊಂದರಲ್ಲೂ ಚಿನ್ನದ ಲೇಪನದ ತಾಮ್ರದ ರೆಕಾರ್ಡ್. ಬೇರೆ ಲೋಕದವರು ಯಾರಾದರೂ ಸಿಕ್ಕರೆ ಕೇಳಲಿ ಅಂತ. ಅದರಲ್ಲಿ ಅಮೆರಿಕದ ರಾಕ್ ಗಾಯಕ ಚಕ್ ಬೆರಿಯ "ಜಾನಿ ಬಿ. ಗುಡ್" ಇದೆ. ಇದನ್ನು ಸೇರಿಸುವಾಗ ತಕರಾರು ಬಂತು. ರಾಕ್ ಅಂದರೆ ಹರೆಯದ ಹುಡುಗರ ಸಂಗೀತ ಅಂದರು. ಭೂಮಿ ಮೇಲೆ ಹರೆಯದವರು ಬೇಕಾದಷ್ಟಿದ್ದಾರಲ್ಲ ಅಂತ ಆ ರೆಕಾರ್ಡ್ ಸಿದ್ಧ ಮಾಡಿಸಿದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಉತ್ತರ ಕೊಟ್ಟರು.

ಅದೇ ರೆಕಾರ್ಡಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ "ಜಾತ್ ಕಹಾಂ ಹೋ" ಇದೆ, ಭೈರವಿ ರಾಗ. ಅವರು ಅಲ್ಲಾದಿಯಾ ಖಾನ್ ಸಾಹೇಬರ ಶಿಷ್ಯೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರು ಕಲಿತದ್ದು ಅದೇ ಖಾನ್ ಸಾಹೇಬರ ಮಕ್ಕಳ ಹತ್ತಿರ. ಅಂದರೆ ನಮ್ಮೂರ ಮನ್ಸೂರರ ಘರಾಣೆಯ ದನಿ, ಚಕ್ ಬೆರಿಯ ಗಿಟಾರ್, ಎರಡೂ ಒಂದೇ ತಟ್ಟೆಯಲ್ಲಿ ಕೂತು ಹೊರಟವು. ಇನ್ನೂ ಒಂದಿದೆ. 55 ಭಾಷೆಯ ಶುಭಾಶಯಗಳಲ್ಲಿ ಕನ್ನಡವೂ ಇದೆ! ನಮಸ್ತೆ ಅಂತ ಹೇಳಿ ಕನ್ನಡಿಗರ ಪರವಾಗಿ ಶುಭಾಶಯ ಕೋರುವ ದನಿ. ವಾಯೇಜರ್ 1 ಸೂರ್ಯನ ಗಾಳಿ ಬೀಸುವ ಎಲ್ಲೆ ದಾಟಿದ್ದು 2012ರಲ್ಲಿ. ಮನ್ಸೂರರ ಭೈರವಿ ಕೇಳುವಾಗಲೆಲ್ಲ ನನಗೆ ಆ ಕತ್ತಲಲ್ಲಿ ಹೋಗುತ್ತಿರುವ ತಟ್ಟೆ ಕಣ್ಣ ಮುಂದೆ ಬರುತ್ತದೆ.

ಮೈಕ್‌ಸೆಟ್ ಹಾಸನ

ಧಾರವಾಡದವರೇ, ಇದು ನನಗೆ ಗೊತ್ತೇ ಇರಲಿಲ್ಲ. ಕನ್ನಡ ಶುಭಾಶಯ ಹುಡುಕಿ ಅಂಗಡಿಯಲ್ಲಿ ದೊಡ್ಡ ಬಾಕ್ಸಿಗೆ ಹಾಕಿ ಕೇಳಿದೆ. ಮೈ ಜುಮ್ ಅಂತು. ಪಕ್ಕದ ಟೈರ್ ಅಂಗಡಿಯವರೂ ಬಂದು ನಿಂತರು.

ಕೋರಮಂಗಲ ಡ್ರಮ್ಸ್

ಬೆಂಗಳೂರಿನ ಅರಮನೆ ಮೈದಾನದ ನೆನಪು ಯಾರೂ ಹಾಕಿಲ್ಲವಲ್ಲ! ರೋಲಿಂಗ್ ಸ್ಟೋನ್ಸ್ ಬ್ಯಾಂಡ್ ಭಾರತದಲ್ಲಿ ಮೊದಲು ಹಾಡಿದ್ದು ಅಲ್ಲೇ, 2003ರ ಏಪ್ರಿಲ್ 4. ಐರನ್ ಮೇಡನ್ 2007ರ ಮಾರ್ಚ್ 17. ಮೆಟಾಲಿಕಾ 2011ರ ಅಕ್ಟೋಬರ್ 30. ನಾನು ಮೆಟಾಲಿಕಾಗೆ ಹೋಗಿದ್ದೆ. ಶೂ ಕೆಸರಲ್ಲಿ ಹೂತು ಹೋಗುತ್ತಿತ್ತು. ಗುವಾಹಟಿಯಿಂದ ಎರಡು ದಿನ ರೈಲಲ್ಲಿ ಬಂದ ಒಬ್ಬ ಹುಡುಗ ಪಕ್ಕದಲ್ಲಿದ್ದ. ಮೊದಲ ಹೊಡೆತ ಬಿದ್ದಾಗ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ಹೆಸರು ಕೇಳೋದು ಮರೆತೆ.

ಮ್ಯಾಂಚೆಸ್ಟರ್ ಕನ್ನಡಿಗ

ತಡವಾಗಿ ನೋಡಿದೆ. ನಾನಿರೋದು ಇದೇ ಊರಲ್ಲಿ. ರೊಸೆಟಾ ಹಾಡಿದ ಸ್ಟೇಷನ್ನಿನ ರೈಲು ದಾರಿ ಈಗ ಸೈಕಲ್ ಹಾದಿ. ಫಾಲೋಫೀಲ್ಡ್ ಲೂಪ್ ಅಂತಾರೆ. ಮೂರು ವರ್ಷದಿಂದ ಕೆಲಸಕ್ಕೆ ಅದರ ಮೇಲೇ ಹೋಗ್ತಿದ್ದೀನಿ, ಈ ಕಥೆ ಗೊತ್ತಿರಲಿಲ್ಲ ಸರ್.

ಇವತ್ತು ಬೆಳಗ್ಗೆ ಬೇಕಂತಲೇ ಆ ಜಾಗದಲ್ಲಿ ನಿಂತೆ. ಸಣ್ಣ ಮಳೆ ಇತ್ತು. ಎರಡೂ ಕಡೆ ಮರ, ನೆಲದ ತುಂಬ ಒದ್ದೆ ಎಲೆ, ನಾಯಿ ಕರೆದುಕೊಂಡು ಹೋಗುವ ಒಬ್ಬ ಅಜ್ಜಿ. ಕಿವಿಗೆ ಹಾಕಿಕೊಂಡು ಆ ಹಾಡು ಕೇಳಿದೆ. ಚಪ್ಪಾಳೆ ಎದುರಿನ ಪ್ಲಾಟ್‌ಫಾರ್ಮಿಂದ ಬರುತ್ತದಲ್ಲ, ಅಲ್ಲಿ ತಿರುಗಿ ನೋಡಿದೆ. ಆಫೀಸಿಗೆ ಇಪ್ಪತ್ತು ನಿಮಿಷ ತಡವಾಯ್ತು. ಫೋಟೊ ಕಳಿಸಿದ್ದೀನಿ, ಮಗಳಿಗೆ ತೋರಿಸಿ.

ಬಸವನಗುಡಿ ಗಿಟಾರ್

ತೋರಿಸಿದೆ. ತುಂಬಾ ಹೊತ್ತು ನೋಡಿದಳು. ದೊಡ್ಡದು ಮಾಡಿ ಮೂಲೆ ಮೂಲೆ ಹುಡುಕಿದಳು. "ಅವರು ನಿಂತಿದ್ದು ಎಡಗಡೆನಾ ಬಲಗಡೆನಾ ಅಂತ ಆ ಅಂಕಲ್‌ನ ಕೇಳಪ್ಪಾ" ಅಂತಿದ್ದಾಳೆ.